ಸೋಮವಾರ ಹೂಡದ ಯಂತ್ರ

ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡಬಾರದು, ಅದು ಬಸವಣ್ಣನ ದಿನ ಎಂಬುದು ಹರಿಹರದ ಸುತ್ತಮುತ್ತಲ ರೈತರಿಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ. ಆದರೆ ಅದೇ ಕಟ್ಟಳೆ ಕಂಪ್ಯೂಟರಿಗೂ ಸಲ್ಲುತ್ತದೆ ಎಂದು ತೀರ್ಮಾನವಾದದ್ದು ಊರಿನ ಆ ಒಂದು ಜೂನಿಯರ್ ಕಾಲೇಜಿನಲ್ಲಿ ಮಾತ್ರ. ಅದೂ ಹುಡುಗಿಯರ ಸರದಿ ಸೋಮವಾರಕ್ಕೆ ಬಿದ್ದ ಮೇಲೆ.

ಎಂಬತ್ತಾರನೇ ಇಸವಿಯಲ್ಲಿ, ಮಳೆಗಾಲ ಕಳೆದ ಹೊಸತರಲ್ಲಿ, ಸರ್ಕಾರದ ಯಾವುದೋ ಯೋಜನೆಯಲ್ಲಿ ಎರಡು ಕಂಪ್ಯೂಟರುಗಳು ಬಂದಿಳಿದವು. ಆಟದ ಸಾಮಾನಿನ ಕೋಣೆಯಿಂದ ಹರಿದ ನೆಟ್ಟು, ಗಾಳಿ ಹೋದ ಚೆಂಡುಗಳನ್ನೆಲ್ಲ ಎತ್ತಿ ಹಾಕಿ, ಗೋಡೆಗೆ ಸುಣ್ಣ ಬಳಿದು, ಕಿಟಕಿಗೆ ದಪ್ಪ ಪರದೆ ಕಟ್ಟಿ, ಬಾಗಿಲಲ್ಲಿ ‘ಚಪ್ಪಲಿ ಹೊರಗೆ ಬಿಡಿ’ ಎಂದು ಬರೆಸಲಾಯಿತು. ಫಿಜಿಕ್ಸ್ ಪಾಠ ಹೇಳುವ ಮಾಲತೇಶಪ್ಪನವರು ಮೈಸೂರಿಗೆ ಹೋಗಿ ತರಬೇತಿ ಪಡೆದು ಬಂದರು. ಬರುವಾಗ ಅವರು ತಂದದ್ದರಲ್ಲಿ ವಿದ್ಯೆಗಿಂತ ಭಯವೇ ಹೆಚ್ಚು. ಕೆಟ್ಟರೆ ಯಾರು ಹೊಣೆ ಎಂಬ ಒಂದೇ ಮಾತನ್ನು ಅಲ್ಲಿ ಎಲ್ಲರೂ ಹೇಳಿ ಕಳಿಸಿದ್ದರು.

ಸೈನ್ಸ್ ವಿಭಾಗದ ಹುಡುಗರು ಗುಂಪು ಗುಂಪಾಗಿ ಮಂಗಳವಾರದಿಂದ ಶನಿವಾರದವರೆಗೆ ದಿನಗಳನ್ನು ಹಂಚಿಕೊಂಡರು. ಆ ನೂಕಾಟದಲ್ಲಿ ಹುಡುಗಿಯರು ಯಾಕೆ ಎಂದು ಮಾಲತೇಶಪ್ಪನವರು ಇದ್ದ ಆರು ಹುಡುಗಿಯರಿಗೆ ಸೋಮವಾರ ಮಧ್ಯಾಹ್ನ ಕೊಟ್ಟರು. ಮೊದಲ ಸೋಮವಾರ ಆರೂ ಜನ ಚಪ್ಪಲಿ ಬಿಟ್ಟು, ಕಾಲು ಒರೆಸಿಕೊಂಡು, ಮದುವೆ ಮನೆಗೆ ಕರೆಯದೆ ಬಂದವರ ಹಾಗೆ ಗೋಡೆಗೆ ಒತ್ತಿ ನಿಂತರು. ಅಟೆಂಡರ್ ಗುತ್ತೆಪ್ಪ ಸ್ವಿಚ್ ಹಾಕಿದ. ಕಂಪ್ಯೂಟರಿನ ಪರದೆಯ ಮೇಲೆ ಬಿಳಿ ಗೆರೆಯೊಂದು ಮೂಡಿ, ನಡುಗಿ, ಹಾವು ಬಿಲಕ್ಕಿಳಿದ ಹಾಗೆ ಒಳಗೆ ಹೋಯಿತು. ಸುಟ್ಟ ವೈರಿನ ವಾಸನೆ ಬಂತು. ಮಾಲತೇಶಪ್ಪನವರ ಹಣೆ ಬೆವರಿತು. ಆ ಮಧ್ಯಾಹ್ನ ಊರಿಗೆಲ್ಲ ಕರೆಂಟು ಮಿಣುಕುತ್ತಿತ್ತು ಎಂಬ ಮಾತನ್ನು ಯಾರೂ ಎತ್ತಲಿಲ್ಲ.

ಸಾರಥಿ ಊರಿನಿಂದ ದಿನಾ ಸೈಕಲ್ಲಿನಲ್ಲಿ ಬರುವ ಗುತ್ತೆಪ್ಪ ಅರ್ಧ ಅಟೆಂಡರ್, ಅರ್ಧ ರೈತ. ಅವನು ಮೆಲ್ಲಗೆ ಬಾಯಿ ಬಿಟ್ಟ. “ತಪ್ ತಿಳ್ಕಬ್ಯಾಡ್ರಿ ಸಾರ್. ಮಂಗಳವಾರದಿಂದ ಶನಿವಾರದ ತನಕ ದುಡೀತು. ಭಾನುವಾರ ನೀವೇ ಬಂದು ಏನೋ ಕುಟ್ಟಿದ್ರಿ. ಇವತ್ತು ಸೋಮವಾರ. ಎತ್ತಿಗಾದ್ರೂ ಒಂದಿನ ಬಿಡ್ತೀವಿ.”

ಮರುದಿನ ಬೆಳಿಗ್ಗೆ ಯಂತ್ರ ತಾನಾಗಿಯೇ ಸರಿಯಾಗಿ ನಡೆಯಿತು. ಲೋಕಿಕೆರೆಯ ಒಕ್ಕಲು ಮನೆಯಲ್ಲಿ ಹುಟ್ಟಿದ ಮಾಲತೇಶಪ್ಪನವರಿಗೆ ಅಷ್ಟು ಸಾಕಾಯಿತು. “ಮಷೀನಿಗೂ ವಿಶ್ರಾಂತಿ ಬೇಕು ಅಂತ ಪುಸ್ತಕದಾಗೂ ಐತೆ” ಎಂದರು. ಯಾವ ಪುಸ್ತಕ ಎಂದು ಯಾರೂ ಕೇಳಲಿಲ್ಲ. ಅಂದಿನಿಂದ ಸೋಮವಾರ ಕಂಪ್ಯೂಟರ್ ಕೋಣೆಗೆ ಬೀಗ. ಹುಡುಗಿಯರಿಗೆ ಬೇರೆ ದಿನ ಕೊಡೋಣವೆಂದರೆ ಹುಡುಗರು ಬಿಡಬೇಕಲ್ಲ.

ಹೀಗೆ ತಪ್ಪಿಹೋದ ಸರದಿ ಐವರಿಗೆ ಹಗುರವಾಯಿತು, ಒಬ್ಬಳಿಗೆ ಮಾತ್ರ ಭಾರವಾಯಿತು. ಅವಳೇ ಶಹರ್ಬಾನು, ಎತ್ತುಗಳಿಗೆ ಲಾಳ ಕಟ್ಟುವ ಮಕ್ತುಮ್ ಸಾಬರ ಮಗಳು.

“ಬಿಡೇ, ಪೀಡೆ ಹೋತು” ಎಂದಳು ವಿಶಾಲಾಕ್ಷಿ, ಕಾರಿಡಾರಿನ ಕಟ್ಟೆಯ ಮೇಲೆ ಕೂತು ಕಾಲಾಡಿಸುತ್ತ. ಅವಳದು ಪೇಟೆಯ ಜವಳಿ ಅಂಗಡಿಯವರ ಮನೆ. “ಅದರ ಮುಂದೆ ಕೂತ್ರೆ ಕಣ್ಣು ಹೋಗ್ತಾವಂತೆ. ನಮ್ಮಮ್ಮ ಹೇಳಿದ್ಲು, ಕನ್ನಡಕ ಬಂದ ಹುಡುಗೀನ ಯಾವನು ನೋಡೋಕೆ ಬರ್ತಾನೆ ಅಂತ.”

“ನಿನ್ನ ನೋಡೋಕೆ ಬರೋನಿಗೇ ಕನ್ನಡಕ ಇದ್ರೆ ಆತು” ಎಂದಳು ಮೈಲಮ್ಮ. ಅವಳು ಹದಡಿಯವಳು. ಹಾಸ್ಟೆಲಿನಲ್ಲಿದ್ದುಕೊಂಡು ಓದುವವಳು, ಮಾತು ಕಡಿಮೆ, ಆಡಿದರೆ ಮುಳ್ಳು. “ನನಗೇನೂ ಅದರ ಮ್ಯಾಲೆ ಸಿಟ್ಟಿಲ್ಲ. ಆದ್ರೆ ಪರೀಕ್ಷೆಯಾಗೆ ಮಾರ್ಕ್ಸ್ ಇಲ್ಲದ್ದಕ್ಕೆ ಯಾಕ ಅಷ್ಟು ತಲೆಬಿಸಿ?”

ಹುಡುಗರಿಗೂ ಒಂದೇ ಮನಸ್ಸಿರಲಿಲ್ಲ. ಇದು ಬಂದರೆ ಬ್ಯಾಂಕಿನ ಗುಮಾಸ್ತರ ಹೊಟ್ಟೆ ಮೇಲೆ ಹೊಡೆತ ಎಂದು ಕ್ಯಾಂಟೀನಿನಲ್ಲಿ ಭಾಷಣ ಮಾಡಿದವರೇ ಕೋಣೆಯೊಳಗೆ ಹೋಗಿ ಪರದೆಯ ಮೇಲೆ ಚುಕ್ಕೆಗಳನ್ನು ಓಡಿಸಿ ಬೆನ್ನಟ್ಟುವ ಆಟಕ್ಕೆ ಬಿದ್ದಿದ್ದರು. ಹೊರಗೆ ಬಂದಾಗ ಅವರ ಕಣ್ಣುಗಳಲ್ಲಿ ಜಾತ್ರೆ ನೋಡಿ ಬಂದವರ ಕೆಂಪು ಇರುತ್ತಿತ್ತು. ಶಹರ್ಬಾನು ಆ ಕಣ್ಣುಗಳನ್ನು ನೋಡುತ್ತಿದ್ದಳು. ಒಳಗೆ ಏನಿದೆ ಎಂದು ಕೇಳಿದರೆ, “ಅದು ನಿಮಗೆಲ್ಲ ತಿಳಿಯಲ್ಲ ಬಿಡ್ರಿ” ಎನ್ನುತ್ತಿದ್ದರು. ತಿಳಿಯದೇ ಇರುವುದಕ್ಕೂ ಮೊದಲು ಒಮ್ಮೆ ಮುಟ್ಟಬೇಕಲ್ಲ ಎಂದು ಅವಳ ಬೆರಳುಗಳು ಕುದಿಯುತ್ತಿದ್ದವು.

ಬೆರಳುಗಳು ಎಂದದ್ದು ಸುಮ್ಮನೆ ಅಲ್ಲ. ಯಂತ್ರ ಮುಟ್ಟುವ ಮೊದಲು ಅಭ್ಯಾಸವಾಗಲೆಂದು ಮಾಲತೇಶಪ್ಪನವರು ಎಲ್ಲರಿಂದಲೂ ರಟ್ಟಿನ ಮೇಲೆ ಕೀಬೋರ್ಡಿನ ಕೀಲಿಗಳ ಮನೆ ಬರೆಸಿದ್ದರು. ಉಳಿದವರ ರಟ್ಟುಗಳು ಎಂದೋ ಪುಸ್ತಕದ ಹೊದಿಕೆಯಾಗಿದ್ದವು. ಶಹರ್ಬಾನು ಮಾತ್ರ ಯಾವುದೋ ಶಾದಿಯ ಕರೆಯೋಲೆಯ ಬೆನ್ನಿಗೆ ಬರೆದ ತನ್ನದನ್ನು ಮಡಿಲಲ್ಲಿಟ್ಟುಕೊಂಡು ದಿನಾ ಕುಟ್ಟುತ್ತಿದ್ದಳು. ನಿದ್ದೆ ಹತ್ತುವಾಗಲೂ ಅವಳ ಬೆರಳು ಚಾದರದ ಮೇಲೆ ಓಡಾಡುತ್ತಿತ್ತು.

“ತಸ್ಬಿ ಮಣಿ ಎಣಿಸ್ತೀಯೇನು ಬೇಟಿ?” ಎಂದು ಕೇಳುತ್ತಿದ್ದಳು ಅಜ್ಜಿ ಹಜೀರಾಬೀ. ಆ ಮನೆಯಲ್ಲಿ ಉರ್ದು, ಕನ್ನಡ ಒಂದೇ ತಟ್ಟೆಯಲ್ಲಿ ಕಲಸಿದ ಅನ್ನ ಸಾರು. ಯಾವ ತುತ್ತಿನಲ್ಲಿ ಯಾವುದು ಹೆಚ್ಚು ಎಂದು ಹೇಳಲಾಗುತ್ತಿರಲಿಲ್ಲ.

“ಇಲ್ಲ ದಾದಿ, ಕಂಪ್ಯೂಟರ್.”

“ಹಂಗಾದ್ರೆ ಒಂದು ಕಥೆ ಕೇಳು” ಎಂದು ದಾದಿ ಶುರು ಮಾಡುತ್ತಿದ್ದಳು. ಕಂಪ್ಯೂಟರಿಗೂ ಅವಳ ಕಥೆಗೂ ಸಂಬಂಧ ಇರಲೇಬೇಕೆಂದಿಲ್ಲ. ಏಳು ಕೋಣೆಗಳ ಅರಮನೆ. ಬಾದಷಹನ ಕಿರಿಯ ಮಗಳು. ಆರು ಕೋಣೆ ತೆರೆ, ಏಳನೆಯದನ್ನು ಮುಟ್ಟಬೇಡ.

“ದಾದಿ, ಏಳನೇದರ ಬೀಗದ ಕೈ ಯಾರ ಹತ್ರ ಇರುತ್ತೆ?”

“ಅವಳ ಸೆರಗಿನಾಗೇ ಇರುತ್ತೆ. ಇಲ್ದಿದ್ರೆ ಕಥೆ ಮುಂದಕ್ಕೆ ಹೆಂಗೆ ಹೋಗಬೇಕು?”

“ನಂದು ಗುತ್ತೆಪ್ಪಣ್ಣನ ಸೊಂಟದಾಗೈತೆ” ಎಂದು ಶಹರ್ಬಾನು ಮಗ್ಗುಲು ಬದಲಿಸಿದಳು.

ಸಂಕ್ರಾಂತಿ ಕಳೆದರೆ ಪಾಠಗಳೇ ಮುಗಿದು ಅವಳಂಥ ಎರಡನೇ ಪಿಯುಸಿಯವರಿಗೆ ಓದುವ ರಜೆ. ಆಮೇಲೆ ಪರೀಕ್ಷೆ. ಅದಾದ ಮೇಲೆ ಆ ಗೇಟಿನೊಳಗೆ ಕಾಲಿಡುವ ಹಕ್ಕೇ ಇರುವುದಿಲ್ಲ. ಯಂತ್ರ ಇರುವ ಊರಿನಲ್ಲೇ ಇದ್ದು, ಅದರ ಬಾಗಿಲವರೆಗೂ ಹೋಗಿ, ಮುಟ್ಟದೇ ಬಂದವಳಾಗಿ ಉಳಿಯಬೇಕೇ ಎಂಬ ಯೋಚನೆ ಅವಳನ್ನು ಕೂತಲ್ಲಿ ಕೂಡಲು ಬಿಡುತ್ತಿರಲಿಲ್ಲ. ಅನ್ನಕ್ಕಿಟ್ಟು ಅಂಗಳಕ್ಕೆ ಬರುತ್ತಿದ್ದಳು, ಅಂಗಳದಿಂದ ಒಳಗೆ ಹೋಗಿ ಏನಕ್ಕೆ ಬಂದೆ ಎಂದು ಮರೆಯುತ್ತಿದ್ದಳು. ಅನ್ನ ಸೀಯುತ್ತಿತ್ತು.

ಡಿಸೆಂಬರಿನ ಒಂದು ಭಾನುವಾರ ದಾವಣಗೆರೆಯ ಅತ್ತೆಯ ಮನೆಗೆ ಹೋಗಬೇಕಾಯಿತು. ಅತ್ತೆಯವರದು ಮಂಡಕ್ಕಿ ಭಟ್ಟಿ. ಬೀದಿಯ ತುದಿಯಿಂದಲೇ ಕಾದ ಮರಳಿನ ವಾಸನೆ, ಹೊಟ್ಟಿನ ಹೊಗೆ. ಅಲ್ಲಿ ಅತ್ತೆಯ ಮಗ ಫಜಲುಲ್ಲಾ ಇದ್ದ. ಎಂಜಿನಿಯರಿಂಗ್ ಓದುವವನು, ಮನೆಯಲ್ಲಿ ಅವನು ಕೆಮ್ಮಿದರೂ ಅದರಲ್ಲಿ ಏನೋ ಅರ್ಥವಿದೆ ಎಂದು ನಂಬುವವರಿದ್ದರು. ಶಹರ್ಬಾನು ಅವನೆದುರು ಮಂಡಕ್ಕಿ, ಮೆಣಸಿನಕಾಯಿಯ ತಟ್ಟೆ ಇಟ್ಟು ಅಲ್ಲೇ ನಿಂತಳು.

“ಭಾಯ್, ನಿಮ್ಮ ಕಾಲೇಜಿನಾಗೆ ಕಂಪ್ಯೂಟರ್ ಐತಲ್ಲ. ಮುಟ್ಟಿದಾಗ ಹೆಂಗನಿಸ್ತು?”

ಫಜಲುಲ್ಲಾ ಮೆಣಸಿನಕಾಯಿ ಕಚ್ಚಿದ. “ನಮ್ಮದು ನಿಮ್ಮದರಂಥ ಚಿಕ್ಕದಲ್ಲ. ಭಾರೀ ದೊಡ್ಡದು. ಕಾರ್ಡಿನ ಮೇಲೆ ತೂತು ಹೊಡೆದು ಪ್ರೋಗ್ರಾಮ್ ಮಾಡಿ ಕಿಟಕಿಯಾಗೆ ಕೊಡಬೇಕು. ಗುರುವಾರ ಉತ್ತರ ಬರುತ್ತೆ.”

“ಕಿಟಕಿಯಾಗೆ ಅಂದ್ರೆ?”

“ಕಿಟಕಿ ಅಂದ್ರೆ ಕಿಟಕಿ. ಒಳಗೆ ಆಪರೇಟರ್ ಇರ್ತಾನೆ.”

“ಅಂದ್ರೆ ನೀವು ಅದನ್ನ ನೋಡಿಲ್ಲ.”

ಅವನು ನೀರು ಕುಡಿದ. ಖಾರ ನಿಜವಾಗಿಯೂ ಹೆಚ್ಚಾಗಿತ್ತೋ ಏನೋ. “ಹೋದ ವಾರ ಒಂದು ಕಾಮಾ ಬಿಟ್ಟಿದ್ದೆ. ಗುರುವಾರ ಬರೀ ಒಂದು ಸಾಲು ವಾಪಸು ಬಂತು, ತಪ್ಪು ಅಂತ. ಮತ್ತೆ ಕೊಟ್ಟೀನಿ, ಮುಂದಿನ ಗುರುವಾರ ನೋಡಬೇಕು” ಎಂದು, ಆಮೇಲೆ ದನಿ ತಗ್ಗಿಸಿ, “ಅಮ್ಮಿಗೆ ಹೇಳಬ್ಯಾಡ” ಎಂದ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳಿಗೆ ನಗು, ಸಂಕಟ ಎರಡೂ ಬಂದವು. ಊರೆಲ್ಲ ಕಂಪ್ಯೂಟರ್ ಬಗ್ಗೆ ಮಾತಾಡುತ್ತದೆ. ಕಣ್ಣು ಹೋಗುತ್ತದೆ, ಕೆಲಸ ಹೋಗುತ್ತದೆ, ಕಾಲ ಬದಲಾಗುತ್ತದೆ. ಮುಟ್ಟಿದವರು ಎಲ್ಲಿದ್ದಾರೆ? ಅವಳಿಗೆ ಕಾಲ ಬದಲಾಗುವುದು ಬೇಕಿರಲಿಲ್ಲ. ಒಂದು ಕೀಲಿ ಒತ್ತಿದರೆ ಎದುರಿಗೆ ಒಂದು ಅಕ್ಷರ ಎದ್ದು ನಿಲ್ಲುತ್ತದಂತೆ. ಅದು ತನ್ನ ಬೆರಳಿಗೂ ನಿಲ್ಲುತ್ತದೆಯೇ ಎಂದು ತಿಳಿದರೆ ಸಾಕಿತ್ತು.

ಮರುದಿನ ಸೋಮವಾರ. ಸೋಮವಾರ ಬೆಳಗಾಯಿತೆಂದರೆ ಮಕ್ತುಮ್ ಸಾಬರ ಮನೆ ಮುಂದಿನ ಬೇವಿನ ಮರದಡಿ ಎತ್ತುಗಳ ಸಾಲು. ಶಹರ್ಬಾನು ಹುಟ್ಟಿದಾಗಿನಿಂದ ಕಂಡ ನೋಟ ಅದು, ಕಂಡೂ ಕಾಣದಷ್ಟು ಹಳೆಯದು. ಎತ್ತಿನ ಕಾಲಿಗೆ ಹಗ್ಗ ಸುತ್ತಿ, ಉಪಾಯವಾಗಿ ಜಗ್ಗಿ, ಅದನ್ನು ಮಗ್ಗುಲಿಗೆ ಕೆಡವಿ, ಒಬ್ಬರು ಕೊಂಬು ಹಿಡಿದು ಕೂತರೆ ಅವಳ ಅಬ್ಬಾ ಮಕ್ತುಮ್ ಸಾಬರು ಗೊರಸು ಕೆತ್ತಿ, ಲಾಳ ಇಟ್ಟು, ಬಾಯಲ್ಲಿ ಕಚ್ಚಿಕೊಂಡ ಮೊಳೆಗಳನ್ನು ಒಂದೊಂದಾಗಿ ತೆಗೆದು ಹೊಡೆಯುತ್ತಿದ್ದರು. ಅವಳು ಅವರಿಗೆ ಚಹಾ ತಂದಾಗ ಕೊಂಬು ಹಿಡಿದು ಕೂತವನು ತಲೆಯೆತ್ತಿದ. ಗುತ್ತೆಪ್ಪ.

“ಕಾಲೇಜಿಗೆ ಹೊತ್ತಾಗ್ತೈತಿ, ಬೇಗ ಮುಗಿಸ್ರಿ ಸಾಬರೆ” ಎನ್ನುತ್ತಿದ್ದ ಅವನು ಅವಳನ್ನು ನೋಡಿ ನಕ್ಕ. “ಏನವ್ವ ಬಾನು, ನಮ್ಮ ರಾಮ ಹೆಂಗದಾನೆ ನೋಡು.”

“ಗುತ್ತೆಪ್ಪಣ್ಣ, ಇವತ್ತು ಸೋಮವಾರ ಅಲ್ಲೇನು? ರಾಮನಿಗೆ ರೆಸ್ಟ್ ಇಲ್ಲೇನು?” ಅವಳು ಕೇಳಿದ್ದು ಕುಟುಕಲೆಂದೇ.

“ಸೋಮವಾರ ಅಲ್ದೆ ಮತ್ಯಾವಾಗ ತರ್ಲಿ? ಉಳಿದ ದಿನ ಹೊಲದಾಗಿರ್ತಾನೆ. ರೆಸ್ಟ್ ಅಂದ್ರೆ ಕೊಟ್ಟಿಗೆಯಾಗೆ ಹಾಕಿ ಬಾಗಿಲು ಮುಚ್ಚೋದಲ್ಲವ್ವ. ಮೈ ತೊಳೀಬೇಕು, ಉಣ್ಣಿ ಹುಳ ಕೀಳಬೇಕು, ಗೊರಸು ನೋಡಬೇಕು. ಎತ್ತಿನ ಮೈಮ್ಯಾಲೆ ಕೈ ಆಡಿಸೋದೇ ಸೋಮವಾರ.”

ಶಹರ್ಬಾನು ಚಹಾದ ಲೋಟ ಹಿಡಿದೇ ನಿಂತಳು. ಅಬ್ಬಾ ಕೊನೆಯ ಮೊಳೆ ಬಗ್ಗಿಸಿ, ಹಗ್ಗ ಸಡಿಲಿಸಿ, ಎತ್ತನ್ನು ಎಬ್ಬಿಸಿದರು. ಗುತ್ತೆಪ್ಪ ಹೊರಡಲೆಂದು ಮೂಗುದಾರ ಹಿಡಿದರೆ ತಡೆದರು. “ಎಲ್ಲಿಗೆ? ಆ ಕಲ್ಲಿನ ತನಕ ನಡೆಸು. ನಡೆಸಿ ನೋಡದೆ ನಾನು ಎತ್ತು ಕೊಡಲ್ಲ. ನಾಳೆ ಹೊಲದಾಗೆ ಕುಂಟಿದ್ರೆ ಮಕ್ತುಮ ಕೆಡಿಸಿದ ಅಂತೀರಿ.”

ರಾಮ ಟಕ್ ಟಕ್ ಎಂದು ಕಲ್ಲಿನವರೆಗೆ ನಡೆದ, ತಿರುಗಿ ಬಂದ.

“ಗುತ್ತೆಪ್ಪಣ್ಣ” ಎಂದಳು ಅವಳು. ತನ್ನ ದನಿ ತನಗೇ ಬೇರೆಯಾಗಿ ಕೇಳಿಸಿತು. “ಕಾಲೇಜಿನಾಗೆ ಕೊಟ್ಟಿಗೆಗೆ ಬೀಗ ಹಾಕಿ ಎರಡು ಎತ್ತು ಕೂಡಿ ಹಾಕೀರಲ್ಲ. ಅವುಗಳ ಮೈ ತೊಳೆಯೋರು ಯಾರು?”

ಗುತ್ತೆಪ್ಪ ಎತ್ತಿನ ಬೆನ್ನ ಮೇಲಿನ ಧೂಳನ್ನು ಅಂಗೈಯಿಂದ ತಟ್ಟಿದ. “ಅದು… ಹೌದು. ಅದೊಂದು ಮಾತು ಐತೆ” ಎಂದ.

ಮಧ್ಯಾಹ್ನ ಸ್ಟಾಫ್ ರೂಮಿನ ಬಾಗಿಲಲ್ಲಿ ಆರು ಹುಡುಗಿಯರು ನಿಂತಿದ್ದರು. ಐವರನ್ನು ಶಹರ್ಬಾನು ಹೇಗೆ ಎಳೆದು ತಂದಳೆಂಬುದು ಅವಳಿಗೇ ಗೊತ್ತು. ವಿಶಾಲಾಕ್ಷಿಗೆ ‘ಬರೀ ಒರೆಸೋದು, ಆನ್ ಮಾಡಲ್ಲ’ ಎಂದಿದ್ದಳು. ಮೈಲಮ್ಮನಿಗೆ ಏನೂ ಹೇಳಬೇಕಾಗಿರಲಿಲ್ಲ. ಜಗಳ ಆಗಬಹುದೆಂಬ ಆಸೆಗೇ ಅವಳು ಬಂದಿದ್ದಳು.

“ಸಾರ್, ಕೀಲಿಗಳ ಸಂದಿಯಾಗೆ ಧೂಳು ಕೂತೈತೆ. ಹುಡುಗರು ಶೇಂಗಾ ತಿಂದ ಕೈಯಾಗೆ ಮುಟ್ಟಿರ್ತಾರೆ. ಸೋಮವಾರ ಹೆಂಗೂ ರೆಸ್ಟು, ನಾವು ಒರೆಸಿ ಇಡ್ತೀವಿ.”

ಮಾಲತೇಶಪ್ಪನವರು ಗುತ್ತೆಪ್ಪನತ್ತ ನೋಡಿದರು. ಗುತ್ತೆಪ್ಪ ಗಂಭೀರವಾಗಿ, “ಪದ್ಧತಿ ಹಂಗೇ ಐತೆ ಸಾರ್” ಎಂದ. ಪದ್ಧತಿ ಎಂದ ಮೇಲೆ ಮಾಲತೇಶಪ್ಪನವರು ತಲೆಯಾಡಿಸಿದರು. “ಒರೆಸ್ರಿ. ಒಣ ಬಟ್ಟೆ. ಸ್ವಿಚ್ ಕಡೆ ಮಾತ್ರ ಕೈ ಹೋಗಬಾರದು” ಎಂದು ತಾವೂ ಜೊತೆಗೆ ಬಂದರು.

ಬೀಗ ತೆರೆಯಿತು. ಒಳಗೆ ಮುಚ್ಚಿಟ್ಟ ಪೆಟ್ಟಿಗೆಯ ವಾಸನೆ, ಮಬ್ಬು. ಗುತ್ತೆಪ್ಪ ಬಲ್ಬು ಹಾಕಿದ. ಶಹರ್ಬಾನು ಹೊದಿಕೆ ತೆಗೆದು ಬಟ್ಟೆಯ ತುದಿಯಿಂದ ಒಂದೊಂದೇ ಕೀಲಿಯನ್ನು ಒರೆಸತೊಡಗಿದಳು. ಬೆರಳಡಿ ಅವು ಕೆಳಗಿಳಿದು ಮೇಲೇಳುತ್ತಿದ್ದವು. ರಟ್ಟಿನ ಮೇಲೆ ಇಷ್ಟು ದಿನ ಕುಟ್ಟಿದ್ದೆಲ್ಲ ಸತ್ತ ಕೀಲಿ. ಇವು ಬೆರಳನ್ನು ಮರಳಿ ಮುಟ್ಟುತ್ತಿದ್ದವು. ಆದರೆ ಎದುರಿನ ಪರದೆ ಕಪ್ಪಗೇ ಇತ್ತು. ಒರೆಸುವವಳಾಗಿ ಒಳಗೆ ಬಂದೆ, ಒರೆಸುವವಳಾಗಿಯೇ ಹೊರಗೆ ಹೋಗುತ್ತೇನೆಯೇ? ಇನ್ನು ಮೇಲೆ ಪ್ರತಿ ಸೋಮವಾರ ಹುಡುಗರ ಶೇಂಗಾ ಸಿಪ್ಪೆ ತೆಗೆಯುವುದೇ ಹುಡುಗಿಯರ ಕಂಪ್ಯೂಟರ್ ಪಾಠ ಎಂದಾದರೆ?

“ಆತಲ್ಲ, ನಡೀರಿ” ಎಂದರು ಮಾಲತೇಶಪ್ಪನವರು.

“ಸಾರ್” ಅವಳು ಬಟ್ಟೆಯನ್ನು ಮಡಚಿ ಮೇಜಿನ ಮೇಲಿಟ್ಟಳು. “ಒರೆಸಿದ್ವಿ. ಯಾವುದಾದ್ರೂ ಕೀಲಿ ಕೆಟ್ಟಿದ್ರೆ?”

“ಕೆಡೋದು ಯಾಕ? ಬರೀ ಒರೆಸಿದ್ದೀರಿ.”

“ಈಗಾಗ್ಲೇ ಕೆಟ್ಟಿದ್ರೆ ಸಾರ್? ನಾಳೆ ಹುಡುಗರು ಬರ್ತಾರೆ. ಒಂದು ಕೀಲಿ ಕೆಲಸ ಮಾಡಲ್ಲ. ಯಾರು ಮುಟ್ಟಿದ್ರು ಅಂತ ಕೇಳ್ತಾರೆ. ಸೋಮವಾರ ಹುಡುಗೀರು ಮುಟ್ಟಿದ್ರು, ಸಾರೇ ನಿಂತು ಮುಟ್ಟಿಸಿದ್ರು ಅಂತಾರೆ.”

ಮಾಲತೇಶಪ್ಪನವರ ಕೈ ಜೇಬಿನ ಕರವಸ್ತ್ರಕ್ಕೆ ಹೋಯಿತು. ಈ ದಿಕ್ಕಿನಿಂದ ಭಯ ಬರಬಹುದೆಂದು ಅವರು ಎಣಿಸಿರಲಿಲ್ಲ. ಪರದೆ ನೋಡಿದರು, ಗುತ್ತೆಪ್ಪನನ್ನು ನೋಡಿದರು, ಮೇಲೆ ಸುಮ್ಮನೆ ಉರಿಯುತ್ತಿದ್ದ ಬಲ್ಬನ್ನೂ ನೋಡಿದರು. “ಈಗ ಹಾಕಿದ್ರೆ ಸುಡಲ್ಲ ಅಂತ ಏನು ಗ್ಯಾರಂಟಿ?”

“ಆವತ್ತು ಬಲ್ಬು ಮಿಣುಕ್ತಿತ್ತು ಸಾರ್” ಎಂದಳು ಮೈಲಮ್ಮ, ಮೂಲೆಯಿಂದ. “ಇವತ್ತು ನೆಟ್ಟಗೈತೆ.” ಎಲ್ಲರೂ ಅವಳತ್ತ ತಿರುಗಿದರು. “ನಾನು ಆವತ್ತೇ ನೋಡಿದ್ದೆ. ಯಾರೂ ಕೇಳ್ಲಿಲ್ಲ” ಎಂದು ಅವಳು ಭುಜ ಕೊಡವಿದಳು.

ಮಾಲತೇಶಪ್ಪನವರು ತಾವೇ ಹೋಗಿ ಸ್ವಿಚ್ ಹಾಕಿದರು. ಹಾಕಿ ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಬಿಳಿ ಗೆರೆ ಮೂಡಿತು, ಅಗಲವಾಯಿತು, ಪರದೆ ತುಂಬಿತು. ಮೂಲೆಯಲ್ಲಿ ಸಣ್ಣ ಗೆರೆಯೊಂದು ಮಿನುಗುತ್ತ, ಯಾರನ್ನೋ ಕಾಯುತ್ತ ಕೂತಿತು. ಸುಟ್ಟ ವಾಸನೆ ಬರಲಿಲ್ಲ.

“ಒಂದೊಂದೇ ಒತ್ತಿ ನೋಡು. ಬೇಗ” ಎಂದರು.

ಶಹರ್ಬಾನು ಕುರ್ಚಿಯಲ್ಲಿ ಕೂತು ‘ಎ’ ಒತ್ತಿದಳು. ರಟ್ಟಿನ ಮೇಲೆ ಬೆರಳು ಎಷ್ಟು ಹೊತ್ತು ನಿಂತರೂ ಏನೂ ಆಗುತ್ತಿರಲಿಲ್ಲ. ಬೆರಳು ಎತ್ತುವುದು ಮರೆಯಿತು. ಒಂದು ‘ಎ’ ಬಂತು. ಅದರ ಬೆನ್ನಿಗೆ ಇನ್ನೊಂದು, ಮತ್ತೊಂದು, ಇರುವೆ ಸಾಲಿನಂತೆ ಪರದೆಯುದ್ದಕ್ಕೂ ಓಡಿ, ತುದಿ ಮುಟ್ಟಿ, ಕೆಳಗಿಳಿದು ಮತ್ತೆ ಓಡತೊಡಗಿದವು.

“ಕೆಡಿಸಿದ್ಲು” ಎಂದಳು ವಿಶಾಲಾಕ್ಷಿ, ಕಣ್ಣಿಗೆ ಕೈ ಅಡ್ಡ ಹಿಡಿದು, ಬೆರಳ ಸಂದಿಯಿಂದ ನೋಡುತ್ತ.

“ಕೈ ಎತ್ತು, ಕೈ ಎತ್ತವ್ವ” ಎಂದ ಗುತ್ತೆಪ್ಪ. ಎತ್ತಿದಳು. ಓಟ ನಿಂತಿತು. ಮಿನುಗುವ ಗೆರೆ ಮತ್ತೆ ಕಾಯತೊಡಗಿತು. ಶಹರ್ಬಾನುವಿಗೆ ಎದೆಯೊಳಗೂ ಆ ಸಾಲು ಇನ್ನೂ ಓಡುತ್ತಿರುವಂತಿತ್ತು. ಈ ಸಲ ಕಾದ ಹೆಂಚು ಮುಟ್ಟಿದ ಹಾಗೆ ತಟ್ಟಿ ಬಿಟ್ಟಳು. ಒಂದೇ ಅಕ್ಷರ. ತನ್ನದು. ಮತ್ತೊಂದು. ಹೆಸರಿನ ಅಕ್ಷರಗಳು ಒಂದೊಂದಾಗಿ ಬಂದು ಸಾಲಾಗಿ ನಿಂತವು. ಅದು ಕೀಲಿ ಪರೀಕ್ಷೆಯಲ್ಲ ಎಂದು ಮಾಲತೇಶಪ್ಪನವರಿಗೆ ಗೊತ್ತಾಯಿತು, ಆದರೆ ಅವರು ಕನ್ನಡಕ ಸರಿ ಮಾಡಿಕೊಂಡು ಅದನ್ನೇ ಓದುತ್ತಿದ್ದರು. “ಎಂಟರ್ ಒತ್ತಬ್ಯಾಡ” ಎಂದರು. ಅವಳು ಒತ್ತಿದಳು. ಹೆಸರು ಯಂತ್ರಕ್ಕೆ ತಿಳಿಯುವ ಅಪ್ಪಣೆಯಲ್ಲವಲ್ಲ, ತಪ್ಪು ಎಂದು ಅದು ಪರದೆಯ ಮೇಲೆ ಬರೆಯಿತು. ಗುರುವಾರದವರೆಗೆ ಕಾಯಿಸದೆ, ಅಲ್ಲೇ, ಆಗಲೇ.

“ತಪ್ಪಂತೆ ಸಾರ್” ಎಂದು ಅವಳು ನಕ್ಕಳು. ಅಷ್ಟು ಸಂತೋಷದಿಂದ ತಪ್ಪು ಒಪ್ಪಿಕೊಂಡವರನ್ನು ಮಾಲತೇಶಪ್ಪನವರು ಕಂಡಿರಲಿಲ್ಲ.

“ಏಳೇ, ಎಷ್ಟೊತ್ತು ಕೂತ್ಕಂತೀಯ?” ಭುಜದ ಮೇಲೆ ಮೊಣಕೈ ಬಿತ್ತು. ಮೈಲಮ್ಮ. ಶಹರ್ಬಾನು ಏಳಲಿಲ್ಲ. ಏಳಬೇಕೆಂದು ಗೊತ್ತಿತ್ತು, ಮೈ ಏಳುತ್ತಿರಲಿಲ್ಲ. ಮೈಲಮ್ಮ ಕುರ್ಚಿಯ ಅಂಚಿಗೆ ಕೂತು ಸೊಂಟದಿಂದ ತಳ್ಳಿದಳು. ಅರ್ಧ ಕುರ್ಚಿ ಹೋಯಿತು, ಆಮೇಲೆ ಪೂರ್ತಿ ಹೋಯಿತು. ಅವಳ ಹಿಂದೆ ಉಳಿದ ಹುಡುಗಿಯರು ಆಗಲೇ ಸಾಲು ನಿಂತಿದ್ದರು. ಸಾಲಿನ ಕೊನೆಯಲ್ಲಿ ವಿಶಾಲಾಕ್ಷಿ, ಒಂದು ಕಣ್ಣಿಗೆ ಮಾತ್ರ ಕೈ ಅಡ್ಡ ಹಿಡಿದು.

“ಮುಂದಿನ ಸೋಮವಾರವೂ ನೋಡಬೇಕಾಗ್ತದೆ ಸಾರ್” ಎಂದ ಗುತ್ತೆಪ್ಪ, ಯಾರ ಮುಖವನ್ನೂ ನೋಡದೆ.

“ನೋಡೋಣ” ಎಂದರು ಮಾಲತೇಶಪ್ಪನವರು. ಅವರ ಕಣ್ಣು ಪರದೆಯ ಮೇಲಿತ್ತು.

ಶಹರ್ಬಾನು ಕುರ್ಚಿಯ ಬೆನ್ನು ಹಿಡಿದು ನಿಂತಳು. ಮೈಲಮ್ಮ ತನ್ನ ಹೆಸರಿನ ಮೊದಲ ಅಕ್ಷರ ಹುಡುಕುತ್ತಿದ್ದಳು. ಅವಳ ತೋರುಬೆರಳು ಕೀಲಿಗಳ ಮೇಲೆ ಹದ್ದಿನ ಹಾಗೆ ಸುತ್ತುತ್ತಿತ್ತು, ಎರಗುತ್ತಿರಲಿಲ್ಲ. ಎಲ್ಲಿದೆ ಎಂದು ಶಹರ್ಬಾನುವಿಗೆ ಗೊತ್ತು, ಕಣ್ಣು ಮುಚ್ಚಿದರೂ ಗೊತ್ತು. ತಡೆದಳು. ಮತ್ತೆ ತಡೆದಳು.

“ಕೆಳಗಿನ ಸಾಲು ಕಣೇ. ಬಲಕ್ಕೆ.”

“ಸುಮ್ನಿರು” ಎಂದಳು ಮೈಲಮ್ಮ, ತಿರುಗದೆ. “ನಾನೇ ಹುಡುಕ್ತೀನಿ.”